ಪಾಯಿಂಟೋ, ಪಿಕ್ಸೆಲೋ, ರೆಮ್ಮೋ: ಕನ್ನಡ ಅಕ್ಷರಕ್ಕೆ ಅಳತೆ ಆರಿಸುವ ಬಗೆ

ಮಂಡ್ಯದಲ್ಲಿ ಒಂದು ಮದುವೆ ಗೊತ್ತಾದರೆ ಡಿಟಿಪಿ ಅಂಗಡಿಗೆ ಒಟ್ಟಿಗೇ ನಾಲ್ಕು ಕೆಲಸ ಬರುತ್ತದೆ. ಲಗ್ನಪತ್ರಿಕೆ, ಛತ್ರದ ಬಾಗಿಲಿಗೆ ಫ್ಲೆಕ್ಸ್, ವಾಟ್ಸಾಪಿನಲ್ಲಿ ಹಂಚಲು ಒಂದು ಚಿತ್ರ, ಈಚೆಗೆ ಒಂದೇ ಪುಟದ ವೆಬ್‌ಸೈಟ್ ಕೂಡ. ವಧೂವರರ ಹೆಸರು ನಾಲ್ಕರಲ್ಲೂ ಅದೇ. ಆದರೆ ಪತ್ರಿಕೆ ಅಚ್ಚು ಹಾಕುವವರು ಪಾಯಿಂಟ್ ಅನ್ನುತ್ತಾರೆ, ಫ್ಲೆಕ್ಸಿನವರು ಅಡಿ ಅನ್ನುತ್ತಾರೆ, ಚಿತ್ರಕ್ಕೆ ಪಿಕ್ಸೆಲ್ ಲೆಕ್ಕ, ವೆಬ್ ಮಾಡುವವರ ಬಾಯಲ್ಲಿ ಪುಟದ ಮೂಲ ಅಕ್ಷರ ಗಾತ್ರಕ್ಕೆ ತಕ್ಕಂತೆ ಹಿಗ್ಗುವ ರೆಮ್. ಯಾವುದರಲ್ಲಿ ಶುರು ಮಾಡಬೇಕು, ಯಾವ ಹಂತದಲ್ಲಿ ಬದಲಿಸಬೇಕು ಎಂದು ಗೊಂದಲವಾಗುವುದು ಸಹಜ. ಅಂತರ್ಜಾಲದಲ್ಲಿ ಪರಿವರ್ತನೆಯ ಕೋಷ್ಟಕಗಳು ಬೇಕಾದಷ್ಟಿವೆ. ಅವು ಅಂಕಿ ಕೊಡುತ್ತವೆ, ಆಯ್ಕೆಗೆ ನೆರವಾಗುವುದಿಲ್ಲ.

ಅಳತೆಗೆ ಕೈಹಾಕುವ ಮುನ್ನ

ಮೊದಲ ಪ್ರಶ್ನೆ: ಈ ಕೆಲಸದಲ್ಲಿ ಬದಲಾಗಬಾರದ್ದು ಯಾವುದು? ಲಗ್ನಪತ್ರಿಕೆಯಲ್ಲಿ ಕಾಗದದ ಅಳತೆ ಬದಲಾಗುವುದಿಲ್ಲ, ಅಕ್ಷರ ಅದರೊಳಗೆ ಕೂರಬೇಕು. ವೆಬ್‌ಪುಟದಲ್ಲಿ ಪರದೆ ಒಬ್ಬೊಬ್ಬರದು ಒಂದೊಂದು ಬಗೆ, ಅಲ್ಲಿ ಕೆಡದೆ ಉಳಿಯಬೇಕಾದದ್ದು ಓದುವವರ ಅನುಕೂಲ. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಆಯ್ಕೆ ಮುಗಿಯಿತು.

ಎರಡನೆಯದು, ಫೈಲು ಮುಂದೆ ಯಾರ ಕೈಗೆ ಹೋಗುತ್ತದೆ. ಪ್ಲೇಟ್ ಮಾಡುವವರಿಗೆ ರೆಮ್ ಕೊಟ್ಟು ಪ್ರಯೋಜನವಿಲ್ಲ, ಪ್ರೋಗ್ರಾಮ್ ಬರೆಯುವವರಿಗೆ ಅಚ್ಚಿನವರ ಅಳತೆಯಾದ ಪೈಕಾ ಕೊಟ್ಟರೆ ಅವರು ತಾವೇ ಬದಲಿಸಿಕೊಳ್ಳುತ್ತಾರೆ, ತಪ್ಪು ನುಸುಳುವುದು ಅಲ್ಲೇ.

ಮೂರನೆಯದು ಕನ್ನಡಕ್ಕೆ ಸೇರಿದ್ದು. ‘ಸ್ವಾತಂತ್ರ್ಯ’, ‘ರಾಷ್ಟ್ರ’ ಎಂಬ ಪದಗಳಲ್ಲಿ ಒತ್ತಕ್ಷರದ ಕೆಳಗೆ ಮತ್ತೊಂದು ಒತ್ತು ನಿಲ್ಲುತ್ತದೆ. ಕೆಳಗಿನ ಸಾಲಿನಲ್ಲಿ ‘ಕೀರ್ತಿ’ ಬಂದರೆ ಅದರ ಗುಡಿಸು ಮೇಲೇರುತ್ತದೆ. ಎರಡಕ್ಕೂ ನಡುವೆ ಉಸಿರಾಡುವಷ್ಟು ಜಾಗ ಆ ಅಳತೆಯಲ್ಲಿ ತಾನಾಗಿ ಉಳಿಯುತ್ತದೆಯೇ ಎಂದು ನೋಡಬೇಕು.

ಕೊನೆಯದು ಖರ್ಚು. ವೆಬ್‌ಪುಟದ ತಪ್ಪು ಒಂದು ಸಾಲು ತಿದ್ದಿದರೆ ಸರಿಹೋಗುತ್ತದೆ. 500 ಪತ್ರಿಕೆ ಅಚ್ಚಾದ ಮೇಲೆ ಅಕ್ಷರ ಚಿಕ್ಕದಾಯಿತು ಎಂದರೆ ಪ್ಲೇಟೂ ಕಾಗದವೂ ಹೋದಂತೆ. ಆದ್ದರಿಂದ ಮುದ್ರಣಕ್ಕೆ ಹೋಗುವ ಅಳತೆಯನ್ನು ಕೊನೆ ಗಳಿಗೆಯಲ್ಲಿ ಪರಿವರ್ತಿಸಬಾರದು.

ಮೊಳ ಮತ್ತು ಟೇಪು

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮೊಳದ ಲೆಕ್ಕದಲ್ಲಿ ಸಿಗುತ್ತದೆ. ಮೊಳ ಅಳೆಯುವವರ ಕೈಯಷ್ಟು: ಕೈ ಉದ್ದವಿದ್ದರೆ ಮೊಳವೂ ಉದ್ದ. ಪಕ್ಕದ ಬಟ್ಟೆ ಅಂಗಡಿಯಲ್ಲಿ ಮೀಟರಿನ ಲೆಕ್ಕ, ಯಾರು ಅಳೆದರೂ ಅಷ್ಟೇ. ಅಕ್ಷರದ ಅಳತೆಗಳೂ ಈ ಎರಡು ಜಾತಿಯವು. ಮಿಲಿಮೀಟರ್, ಇಂಚು, ಪಾಯಿಂಟ್, ಪೈಕಾ ಟೇಪಿನ ಜಾತಿ. ಅಕ್ಷರದ ಗಾತ್ರವನ್ನೋ ಪರದೆಯ ಅಗಲವನ್ನೋ ನೋಡಿ ಬದಲಾಗುವ ಎಮ್, ರೆಮ್, ಶೇಕಡಾ, ವಿಡಬ್ಲ್ಯು ಮೊಳದ ಜಾತಿ. ಎಮ್ ಎಂದರೆ ಒಬ್ಬೊಬ್ಬ ಹೂವಾಡಗಿತ್ತಿ ತನ್ನ ತನ್ನ ಕೈಯಲ್ಲಿ ಅಳೆದಂತೆ. ರೆಮ್ ಎಂದರೆ ಇಡೀ ಮಾರುಕಟ್ಟೆ ಒಬ್ಬಳದೇ ಕೈಯನ್ನು ಒಪ್ಪಿಕೊಂಡಂತೆ. ಪಿಕ್ಸೆಲ್ ಎರಡು ಜಾತಿಗೂ ನಡುವೆ ನಿಲ್ಲುತ್ತದೆ. ಹೆಚ್ಚಿನ ತಕರಾರು ಅದರಿಂದಲೇ.

ಪಾಯಿಂಟ್ ಮತ್ತು ಪೈಕಾ

ಈಗ ಬಹುತೇಕ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ 1 ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ, 0.3528 ಮಿಲಿಮೀಟರ್. 12 ಪಾಯಿಂಟಿಗೆ 1 ಪೈಕಾ, 6 ಪೈಕಾಕ್ಕೆ 1 ಇಂಚು. ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ಅಮೆರಿಕನ್ ಪಾಯಿಂಟ್ ಇದಕ್ಕಿಂತ ಕೂದಲೆಳೆಯಷ್ಟು ಚಿಕ್ಕದು, ಇಂಚಿಗೆ 72.27. ಯುರೋಪಿನ ಡಿಡೋ ಪಾಯಿಂಟ್ ದೊಡ್ಡದು, ಸುಮಾರು 0.376 ಮಿಲಿಮೀಟರ್. ಹಳೆಯ ಪುಸ್ತಕವನ್ನು ಅದೇ ಅಳತೆಯಲ್ಲಿ ಮರುಮುದ್ರಿಸುವವರಿಗಷ್ಟೇ ಈ ವ್ಯತ್ಯಾಸ ಮುಖ್ಯ.

ಎಲ್ಲರೂ ತಿಳಿದಿರಬೇಕಾದದ್ದು ಬೇರೆಯಿದೆ: 12 ಪಾಯಿಂಟ್ ಎಂಬುದು ಅಕ್ಷರದ ಎತ್ತರವಲ್ಲ. ಅದು ಮೊಳೆಯ ಮೈಯ ಎತ್ತರ, ಅಕ್ಷರ ಆ ಮೈಯೊಳಗೆ ಎಲ್ಲೋ ಕೂತಿರುತ್ತದೆ. ಕನ್ನಡ ಫಾಂಟ್ ಮಾಡುವವರು ಕೆಳಗೆ ಒತ್ತಿಗೆ, ಮೇಲೆ ಗುಡಿಸಿಗೆ ಜಾಗ ಬಿಡಬೇಕಾಗಿರುವುದರಿಂದ ನಡುವಿನ ಅಕ್ಷರವನ್ನು ಎಷ್ಟು ದೊಡ್ಡದು ಮಾಡಬೇಕೆಂಬ ತೀರ್ಮಾನ ಒಂದೊಂದು ಫಾಂಟಿನಲ್ಲಿ ಒಂದೊಂದು ರೀತಿ. ತುಂಗಾ, ನುಡಿ, ನೋಟೊ ಸ್ಯಾನ್ಸ್ ಕನ್ನಡ ಮೂರರಲ್ಲೂ 12 ಪಾಯಿಂಟ್ ಇಟ್ಟು ಪಕ್ಕಪಕ್ಕ ಅಚ್ಚು ತೆಗೆದರೆ ಕಣ್ಣಿಗೇ ಕಾಣುತ್ತದೆ.

ಪೇಜ್‌ಮೇಕರ್‌ನಲ್ಲಿ ಯೂನಿಕೋಡಿಗೂ ಮೊದಲಿನ ಆಸ್ಕಿ ನುಡಿ ಫಾಂಟಿನಲ್ಲಿದ್ದ ಪುಸ್ತಕವನ್ನು ಯೂನಿಕೋಡಿಗೆ ತರುವಾಗ ‘ಪಾಯಿಂಟ್ ಅಷ್ಟೇ ಇಟ್ಟಿದ್ದೇವೆ, ಪುಟ ಯಾಕೆ ಹೆಚ್ಚಾಯಿತು’ ಎಂಬ ಪ್ರಶ್ನೆ ಹುಟ್ಟುವುದು ಇಲ್ಲೇ. ಇದಕ್ಕೆ ದಾರಿ ಹೀಗೆ: ಒಂದೇ ಪ್ಯಾರಾವನ್ನು ಎರಡೂ ಫಾಂಟಿನಲ್ಲಿ ಒಂದೇ ಪಾಯಿಂಟಿನಲ್ಲಿ ಇಡಿ. ಅಲ್ಲಿಂದ ಒಂದೇ ಸಾಲನ್ನು ಒಡೆಯದಂತೆ ಉದ್ದಕ್ಕೆ ಬಿಡಿಸಿ ಎರಡರ ಉದ್ದ ಅಳೆಯಿರಿ. ಹಳೆಯದು 92 ಮಿಲಿಮೀಟರ್, ಹೊಸದು 100 ಮಿಲಿಮೀಟರ್ ಬಂದರೆ ಹೊಸ ಫಾಂಟಿಗೆ 12ರ ಬದಲು 11 ಪಾಯಿಂಟ್ ಕೊಡಿ.

ಪುಸ್ತಕಕ್ಕೆ ಪಾಯಿಂಟ್–ಪೈಕಾ ಜೋಡಿಯನ್ನು ಮೀರಿಸುವುದು ಇನ್ನೂ ಬಂದಿಲ್ಲ. ಡೆಮಿ 1/8 ಪುಸ್ತಕ 5.5 × 8.5 ಇಂಚು. ಪೈಕಾದಲ್ಲಿ ಅದು 33 × 51, ಪಾಯಿಂಟಿನಲ್ಲಿ 396 × 612. ಮೇಲೆ ಕೆಳಗೆ 54 ಪಾಯಿಂಟ್ ಬಿಟ್ಟರೆ ಉಳಿಯುವುದು 504. 12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್ ಸಾಲಿನ ಅಂತರ ಕೊಟ್ಟರೆ ಸರಿಯಾಗಿ 28 ಸಾಲು, ಒಂದು ಚೂರೂ ಉಳಿಯುವುದಿಲ್ಲ. ಇದನ್ನೇ ಮಿಲಿಮೀಟರಿಗೆ ತಂದರೆ 18 ಪಾಯಿಂಟ್ 6.35 ಮಿಲಿಮೀಟರ್ ಆಗುತ್ತದೆ. ಯಾರೋ ಅದನ್ನು 6.4 ಎಂದು ಬರೆದರೆಂದುಕೊಳ್ಳಿ. 28 ಸಾಲಿಗೆ 1.4 ಮಿಲಿಮೀಟರ್ ಹೆಚ್ಚಾಗಿ ಕೊನೆಯ ಸಾಲು ಚೌಕಟ್ಟಿನಿಂದ ಹೊರಬಿದ್ದು ಮುಂದಿನ ಪುಟಕ್ಕೆ ಹಾರುತ್ತದೆ. 200 ಪುಟದ ಪುಸ್ತಕ 207 ಪುಟವಾಗುವುದು ಇಂಥ ಅಂಕಿಯಿಂದಲೇ.

ಮಿಲಿಮೀಟರ್ ಮತ್ತು ಅಡಿ

ಕಾಗದ, ಅಂಚು, ಚಿತ್ರದ ಚೌಕಟ್ಟು, ಕತ್ತರಿಸುವ ಗೆರೆ, ಅದರಾಚೆಗೆ ಬಿಡುವ ಬ್ಲೀಡ್ ಇವಕ್ಕೆ ಮಿಲಿಮೀಟರೇ ಸರಿ. ಕಟಿಂಗ್ ಮಾಡುವವರ ಕೈಯಲ್ಲಿರುವುದು ಮಿಲಿಮೀಟರ್ ಸ್ಕೇಲು. ಅಕ್ಷರದ ಗಾತ್ರಕ್ಕೂ ಸಾಲಿನ ಅಂತರಕ್ಕೂ ಪಾಯಿಂಟ್, ಉಳಿದದ್ದಕ್ಕೆ ಮಿಲಿಮೀಟರ್ ಎಂದು ಹಂಚಿಕೊಂಡರೆ ಜಗಳವಿಲ್ಲ. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನಿನಲ್ಲಿ ರೂಲರ್ ಪೈಕಾದಲ್ಲಿ ತೆರೆದುಕೊಂಡು 3ಪಿ6 ಎಂಬಂಥ ಬರಹ ಕಂಡರೆ ಗಾಬರಿಯಾಗಬೇಡಿ. 3 ಪೈಕಾ 6 ಪಾಯಿಂಟ್ ಎಂದು ಅದರರ್ಥ, ಒಟ್ಟು 42 ಪಾಯಿಂಟ್. ಪ್ರಿಫರೆನ್ಸಿನಲ್ಲಿ ರೂಲರನ್ನು ಮಾತ್ರ ಮಿಲಿಮೀಟರಿಗೆ ಬದಲಿಸಿ, ಅಕ್ಷರದ ಘಟಕವನ್ನು ಪಾಯಿಂಟಿನಲ್ಲೇ ಬಿಡಿ.

ಫ್ಲೆಕ್ಸಿಗೆ ಪಾಯಿಂಟ್ ಬೇಡವೇ ಬೇಡ. ಬೋರ್ಡ್ ಕೆಲಸದವರಲ್ಲಿ ರೂಢಿಯಲ್ಲಿರುವ ಲೆಕ್ಕ, ನೋಡುವ ದೂರದ ಪ್ರತಿ 10 ಅಡಿಗೆ ಅಕ್ಷರ 1 ಇಂಚು ಎತ್ತರ. ರಸ್ತೆಯ ಆಚೆಬದಿ 40 ಅಡಿ ದೂರವಿದ್ದರೆ ಹೆಸರು 4 ಇಂಚು ಬೇಕು. ಒತ್ತು ಬಿಟ್ಟು ‘ರ’ ಅಕ್ಷರದ ಎತ್ತರಕ್ಕೆ ಈ ಲೆಕ್ಕ ಹಿಡಿಯಿರಿ. 4 ಇಂಚು ಎತ್ತರದ ಒಂದು ಚೌಕ ಬರೆದು, ‘ರ’ ಅದಕ್ಕೆ ತಾಗುವವರೆಗೆ ಅಕ್ಷರವನ್ನು ಹಿಗ್ಗಿಸಿ. ಪಾಯಿಂಟ್ ಎಷ್ಟಾಯಿತು ಎಂದು ನೋಡುವ ಅಗತ್ಯವೇ ಇಲ್ಲ.

ಫ್ಲೆಕ್ಸಿಗೂ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಬೇಕೆಂದು ಹಟ ಹಿಡಿಯುವವರಿದ್ದಾರೆ. 6 × 4 ಅಡಿಗೆ 300ರಲ್ಲಿ 21,600 × 14,400 ಪಿಕ್ಸೆಲ್ ಆಗುತ್ತದೆ, ಅಚ್ಚಿನ ನಾಲ್ಕು ಬಣ್ಣಗಳಾದ ಸಿಎಂವೈಕೆಯಲ್ಲಿ ಒಂದು ಪದರಕ್ಕೇ 1.2 ಜಿಬಿ ಮೀರುತ್ತದೆ. 72ರಲ್ಲಿ 5,184 × 3,456 ಪಿಕ್ಸೆಲ್, ಛತ್ರದ ಬಾಗಿಲಿಗೆ ಇದು ಧಾರಾಳ. ಹೆದ್ದಾರಿ ಬದಿಯ 20 ಅಡಿ ಬೋರ್ಡಾದರೆ ಮತ್ತೊಂದು ತೊಡಕಿದೆ. 20 ಅಡಿ ಎಂದರೆ 240 ಇಂಚು, ಪಿಡಿಎಫ್‌ನ ಸಾಮಾನ್ಯ ಮಿತಿ 14,400 ಪಾಯಿಂಟ್, ಅಂದರೆ 200 ಇಂಚು. ಹತ್ತನೇ ಒಂದರ ಅಳತೆಯಲ್ಲಿ ವಿನ್ಯಾಸ ಮಾಡಿ, ಫೈಲಿನ ಹೆಸರಿನಲ್ಲೇ ‘1ಕ್ಕೆ 10’ ಎಂದು ಬರೆಯಿರಿ. ಬಾಯಲ್ಲಿ ಹೇಳಿದ್ದು ರಾತ್ರಿ ಪಾಳಿಯವರಿಗೆ ತಲುಪುವುದಿಲ್ಲ.

ಪಿಕ್ಸೆಲ್

ಪಿಕ್ಸೆಲ್ ಎಂಬ ಒಂದೇ ಹೆಸರಿನಲ್ಲಿ ಎರಡು ವಸ್ತುಗಳಿವೆ. ಚಿತ್ರದ ಪಿಕ್ಸೆಲ್ ಒಂದು ಚುಕ್ಕಿ, ಅದಕ್ಕೆ ಸ್ವಂತ ಅಳತೆಯಿಲ್ಲ. ಇಂಚಿಗೆ ಎಷ್ಟು ಚುಕ್ಕಿ ಎಂದು ಹೇಳಿದ ಮೇಲೆ ಮಾತ್ರ ಅದಕ್ಕೆ ಉದ್ದ ಬರುತ್ತದೆ. ವೆಬ್‌ನ ವಿನ್ಯಾಸ ಬರೆಯುವ ಭಾಷೆಯಾದ ಸಿಎಸ್‌ಎಸ್ ಪಿಕ್ಸೆಲ್ ಹಾಗಲ್ಲ, ಇಂಚಿನ 96ನೇ ಒಂದು ಭಾಗ ಎಂದು ನಿಗದಿಯಾಗಿದೆ. ಈಗಿನ ಫೋನಿನಲ್ಲಿ ಒಂದು ಸಿಎಸ್‌ಎಸ್ ಪಿಕ್ಸೆಲ್ ಜಾಗದಲ್ಲಿ ಅಡ್ಡಕ್ಕೆ ಎರಡೋ ಮೂರೋ ನಿಜವಾದ ಚುಕ್ಕಿಗಳಿರುತ್ತವೆ.

ನೆನಪಿಡಬೇಕಾದ ಲೆಕ್ಕ ಇಷ್ಟೇ:

ವೆಬ್ ಪಿಕ್ಸೆಲ್ × 0.75 = ಪಾಯಿಂಟ್. 16 ಪಿಕ್ಸೆಲಿಗೆ 12 ಪಾಯಿಂಟ್, 18ಕ್ಕೆ 13.5.
ಪಾಯಿಂಟ್ × ಡಿಪಿಐ ÷ 72 = ಚಿತ್ರದ ಪಿಕ್ಸೆಲ್. 300 ಡಿಪಿಐನಲ್ಲಿ 12 ಪಾಯಿಂಟಿಗೆ 50.
ಮಿಲಿಮೀಟರ್ × ಡಿಪಿಐ ÷ 25.4 = ಚಿತ್ರದ ಪಿಕ್ಸೆಲ್. 300ರಲ್ಲಿ ಎ4 ಹಾಳೆ 2480 × 3508.

ಮದುವೆಯ ಕೆಲಸದಲ್ಲಿ ಹೆಚ್ಚು ಕೆಡುವುದು ವಾಟ್ಸಾಪ್ ಚಿತ್ರ. 5 × 7 ಇಂಚಿನ ಪತ್ರಿಕೆಯನ್ನು 300 ಡಿಪಿಐನಲ್ಲಿ ಹಾಗೇ ಚಿತ್ರ ಮಾಡಿ ಕಳಿಸುತ್ತಾರೆ. ಅದರ ಅಗಲ 1500 ಪಿಕ್ಸೆಲ್, 10 ಪಾಯಿಂಟ್ ಅಕ್ಷರ ಅದರಲ್ಲಿ ಸುಮಾರು 42 ಪಿಕ್ಸೆಲ್. ಫೋನಿನ ಪರದೆ ಸಿಎಸ್‌ಎಸ್ ಲೆಕ್ಕದಲ್ಲಿ 360 ಅಗಲವಿದ್ದರೆ ಆ ಅಕ್ಷರ ಬರೀ 10 ಪಿಕ್ಸೆಲಿಗೆ ಇಳಿಯುತ್ತದೆ. ಊರಿನ ಹಿರಿಯರು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಮುಹೂರ್ತ ಹುಡುಕಬೇಕು. ಚಿತ್ರವನ್ನು 1080 ಪಿಕ್ಸೆಲ್ ಅಗಲಕ್ಕೆ ಬೇರೆಯಾಗಿಯೇ ಮಾಡಿ. ಅದು ಫೋನಿನಲ್ಲಿ ಮೂರನೇ ಒಂದಕ್ಕೆ ಇಳಿಯುತ್ತದೆ, ಆದ್ದರಿಂದ ಅತಿ ಚಿಕ್ಕ ಅಕ್ಷರವೂ 48 ಪಿಕ್ಸೆಲ್ ಇರಲಿ. ಜಾಗ ಸಾಲದಿದ್ದರೆ ಬಂಧುಗಳ ಪಟ್ಟಿಯನ್ನು ಕಾಗದದ ಪತ್ರಿಕೆಗೆ ಬಿಟ್ಟು, ಚಿತ್ರದಲ್ಲಿ ಹೆಸರು, ದಿನ, ಮುಹೂರ್ತ, ಛತ್ರ ಇಷ್ಟೇ ಇಡಿ.

ವೆಬ್‌ಪುಟದ ಅಕ್ಷರಕ್ಕೆ ಪಿಕ್ಸೆಲ್ ಕೊಡುವುದನ್ನು ನಾವು ಒಪ್ಪುವುದಿಲ್ಲ. ಕಣ್ಣು ಮಂಜಾದವರು ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ, ಪಿಕ್ಸೆಲಿನಲ್ಲಿ ಬರೆದ ಅಕ್ಷರ ಆ ಮಾತನ್ನು ಕೇಳುವುದಿಲ್ಲ. ಸಣ್ಣ ಗೆರೆ, ನೆರಳು, ಚಿತ್ರದ ಅಂಚು ಇವಕ್ಕೆ ಪಿಕ್ಸೆಲ್ ಸಾಕು.

ಎಮ್, ರೆಮ್ ಮತ್ತು ಅವುಗಳ ಬಳಗ

ರೆಮ್ ಪುಟದ ಬೇರಿನ, ಅಂದರೆ ಇಡೀ ಪುಟಕ್ಕೆ ಮೂಲವಾದ, ಅಕ್ಷರ ಗಾತ್ರವನ್ನು ನೋಡುತ್ತದೆ, ಬ್ರೌಸರಿನಲ್ಲಿ ಅದು ಸಾಮಾನ್ಯವಾಗಿ 16 ಪಿಕ್ಸೆಲ್. ಓದುಗರು ಅದನ್ನು 20 ಮಾಡಿಕೊಂಡರೆ ಪುಟವೆಲ್ಲ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಕನ್ನಡದ ಓದಿಗೆ 1.125 ರೆಮ್, ಅಂದರೆ 18 ಪಿಕ್ಸೆಲ್, ಒಳ್ಳೆಯ ಆರಂಭ. ಇಂಗ್ಲಿಷಿಗೆ ಸಾಲುವ 16ರಲ್ಲಿ ಕನ್ನಡದ ಒತ್ತುಗಳು ಕಲಸಿಹೋಗುತ್ತವೆ.

ಎಮ್ ತಾನಿರುವ ಜಾಗದ ಅಕ್ಷರವನ್ನು ನೋಡುತ್ತದೆ. ಗುಂಡಿಯ ಒಳಅಂಚು, ಐಕಾನಿನ ಗಾತ್ರ, ಪ್ಯಾರಾದ ಮೊದಲ ಸಾಲಿನ ಜಾಗ ಇವು ಅಕ್ಷರದ ಜೊತೆಗೇ ಬೆಳೆಯಬೇಕಾದ್ದರಿಂದ ಅಲ್ಲಿ ಎಮ್ ಚೆನ್ನ. ಅಕ್ಷರದ ಗಾತ್ರಕ್ಕೇ ಎಮ್ ಕೊಟ್ಟರೆ ಮಾತ್ರ ಗುಣಾಕಾರ ಶುರುವಾಗುತ್ತದೆ. ಪಟ್ಟಿಗೆ 0.9 ಎಮ್ ಎಂದಿಟ್ಟು, ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಇನ್ನೊಂದು ಬಂದರೆ 18 ಪಿಕ್ಸೆಲ್ ಮೂರನೇ ಹಂತಕ್ಕೆ 13ಕ್ಕೆ ಇಳಿದಿರುತ್ತದೆ.

ಬೇರಿಗೆ 62.5 ಶೇಕಡಾ ಕೊಟ್ಟು 1 ರೆಮ್ಮಿಗೆ 10 ಪಿಕ್ಸೆಲ್ ಮಾಡಿಕೊಳ್ಳುವ ಉಪಾಯವಿದೆ. ಲೆಕ್ಕ ಸುಲಭ, ಓದುಗರ ಆಯ್ಕೆಗೂ ಧಕ್ಕೆಯಿಲ್ಲ. ಹೊರಗಿನಿಂದ ತಂದ ಕ್ಯಾಲೆಂಡರ್, ಬುಕಿಂಗ್ ಫಾರಂಗಳು ರೆಮ್ಮಿನಲ್ಲಿದ್ದರೆ ಅವೆಲ್ಲ ಕುಗ್ಗಿಹೋಗುತ್ತವೆ ಎಂಬುದಷ್ಟೇ ತೊಂದರೆ. ಶೇಕಡಾ ಬದಲು ನೇರ 10 ಪಿಕ್ಸೆಲ್ ಎಂದು ಬರೆದರೆ ಓದುಗರ ಆಯ್ಕೆಯೂ ಅಳಿಸಿಹೋಯಿತು.

ವಿಡಬ್ಲ್ಯು ಪರದೆಯ ಅಗಲದ ನೂರನೇ ಒಂದು ಭಾಗ. ಬರೀ ಅದರಲ್ಲಿ ತಲೆಬರಹ ಇಟ್ಟರೆ ಕಂಪ್ಯೂಟರಿನಲ್ಲಿ ಜೂಮ್ ಮಾಡಿದರೂ ಅಕ್ಷರ ಬೆಳೆಯುವುದಿಲ್ಲ. 200 ಶೇಕಡಾದವರೆಗೆ ಅಕ್ಷರ ಹಿಗ್ಗಬೇಕೆಂಬ, ವೆಬ್ ಎಲ್ಲರಿಗೂ ಎಟುಕಲೆಂದು ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯ ನಿಯಮವೂ ಮುರಿಯುತ್ತದೆ. ಗಾತ್ರಕ್ಕೆ ಮಿತಿ ಹಾಕುವ ಕ್ಲ್ಯಾಂಪ್ ಬಳಸಿ, ಕನಿಷ್ಠ 1.5 ರೆಮ್, ನಡುವೆ 1 ರೆಮ್ ಜೊತೆ 2 ವಿಡಬ್ಲ್ಯು ಕೂಡಿಸಿ, ಗರಿಷ್ಠ 2.5 ರೆಮ್ ಎಂದು ಕಟ್ಟು ಹಾಕಿ.

ಸಾಲಿನ ಉದ್ದಕ್ಕೆ ಸಿಎಚ್ ಬಳಸಿ ಎಂದು ಇಂಗ್ಲಿಷ್ ಮಾರ್ಗದರ್ಶಿಗಳು ಹೇಳುತ್ತವೆ. ಅದು ಫಾಂಟಿನ ಸೊನ್ನೆ ಅಂಕಿಯ ಅಗಲ, ಕನ್ನಡ ಅಕ್ಷರದ ಅಗಲಕ್ಕೂ ಅದಕ್ಕೂ ನಂಟಿಲ್ಲ. ಕನ್ನಡಕ್ಕೆ 34 ರಿಂದ 38 ರೆಮ್ ಅಗಲ ಇಟ್ಟು ಸಾಲಿಗೆ ಎಂಟು ಹತ್ತು ಪದ ಬರುವಂತೆ ನೋಡಿಕೊಂಡರೆ ಕಣ್ಣಿಗೆ ಹಿತ.

ಸಾಲಿನ ಅಂತರ

ಕನ್ನಡಕ್ಕೆ ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಇಲ್ಲಿ. ಇನ್‌ಡಿಸೈನಿನ ಆಟೋ ಅಂತರ 120 ಶೇಕಡಾ, ಕನ್ನಡಕ್ಕೆ ಅದು ಇಕ್ಕಟ್ಟು. ಮುದ್ರಣದಲ್ಲಿ 145ರಿಂದ 155 ಶೇಕಡಾ, ವೆಬ್‌ನಲ್ಲಿ 1.6ರಿಂದ 1.75 ಪಟ್ಟು ಇಡಿ. ತಲೆಬರಹಕ್ಕೂ 1.35ಕ್ಕಿಂತ ಕೆಳಗೆ ಇಳಿಸಬೇಡಿ.

ವೆಬ್‌ನಲ್ಲಿ ಲೈನ್-ಹೈಟನ್ನು ಘಟಕವಿಲ್ಲದೆ ಬರೀ 1.7 ಎಂದು ಬರೆಯಿರಿ. 1.7 ಎಮ್ ಅಥವಾ 170 ಶೇಕಡಾ ಎಂದು ಬರೆದರೆ ಬ್ರೌಸರ್ 18 ಪಿಕ್ಸೆಲಿಗೆ ಲೆಕ್ಕ ಹಾಕಿ ಬಂದ 30.6 ಪಿಕ್ಸೆಲನ್ನೇ ಒಳಗಿನವಕ್ಕೆಲ್ಲ ದಾಟಿಸುತ್ತದೆ. ಆಗ 36 ಪಿಕ್ಸೆಲಿನ ಎರಡು ಸಾಲಿನ ತಲೆಬರಹ ಒಂದರ ಮೇಲೊಂದು ಏರಿ ಕೂರುತ್ತದೆ. ಬರೀ ಅಂಕಿಯಾದರೆ ಪ್ರತಿಯೊಂದೂ ತನ್ನ ಗಾತ್ರಕ್ಕೆ ತಾನೇ ಗುಣಿಸಿಕೊಳ್ಳುತ್ತದೆ.

ಗುಂಡಿಗಳಲ್ಲಿ ಎತ್ತರವನ್ನು 32 ಪಿಕ್ಸೆಲ್ ಎಂದು ಬಿಗಿದು, ಹೊರಚಾಚಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಸೇರಿಸಿದರೆ ‘ಅರ್ಜಿ ಸಲ್ಲಿಸಿ’ಯ ‘ಲ್ಲ’ ಒತ್ತು ಕತ್ತರಿಸಿಹೋಗುತ್ತದೆ. ಎತ್ತರ ಬಿಗಿಯದೆ ಮೇಲೆ ಕೆಳಗೆ 0.6 ಎಮ್ ಒಳಅಂಚು ಕೊಡಿ.

ಗಡಿ ದಾಟುವಾಗ

ಪರದೆಯ ವಿನ್ಯಾಸ ಮಾಡುವ ಫಿಗ್ಮಾದಿಂದ ಪಿಡಿಎಫ್ ತೆಗೆದಾಗ 1 ಪಿಕ್ಸೆಲ್ 1 ಪಾಯಿಂಟ್ ಆಗುತ್ತದೆ. ವೆಬ್ ಲೆಕ್ಕ ಹಿಡಿದು ಎ4ಗೆ 794 × 1123 ಚೌಕಟ್ಟು ಹಾಕಿದರೆ ಪಿಡಿಎಫ್ 280 ಮಿಲಿಮೀಟರ್ ಅಗಲ ಬರುತ್ತದೆ, ಎ4 ಇರುವುದು 210. ಪ್ರಿಂಟರ್ ಅದನ್ನು ಕುಗ್ಗಿಸಿ ಹಾಳೆಗೆ ಹೊಂದಿಸುವಾಗ 12 ಪಾಯಿಂಟ್ 9 ಆಗುತ್ತದೆ. ಚೌಕಟ್ಟು 595 × 842 ಇರಬೇಕು. ಇದೇ ಮುಕ್ಕಾಲಿನ ತಪ್ಪು ಇಲಸ್ಟ್ರೇಟರಿನ ಗೆರೆಚಿತ್ರದ ಫೈಲಾದ ಎಸ್‌ವಿಜಿಯನ್ನು ಇಂಕ್‌ಸ್ಕೇಪಿನಲ್ಲಿ ತೆರೆದಾಗಲೂ ಕಾಣುತ್ತದೆ: ಒಂದರಲ್ಲಿ ಇಂಚಿಗೆ 72, ಇನ್ನೊಂದರಲ್ಲಿ 96. 100 ಮಿಲಿಮೀಟರ್ ಲೋಗೊ 75 ಬಂದರೆ 133.33 ಶೇಕಡಾ ಹಿಗ್ಗಿಸಿ. 0.92ಕ್ಕಿಂತ ಹಿಂದಿನ ಇಂಕ್‌ಸ್ಕೇಪ್ ಫೈಲುಗಳಲ್ಲಿ ಇಂಚಿಗೆ 90ರ ಲೆಕ್ಕವಿತ್ತು, ಅವಕ್ಕೆ ಈ ಅಂಕಿ ಹೊಂದುವುದಿಲ್ಲ.

ಮಾನಸಗಂಗೋತ್ರಿಯಲ್ಲಿ ಅಕ್ಷರ ಜೋಡಿಸುವ ತಂತ್ರಾಂಶ ಲೇಟೆಕ್‌ನಲ್ಲಿ ಪ್ರಬಂಧ ಸಿದ್ಧಪಡಿಸುವವರಿಗೊಂದು ಮಾತು: ಅಲ್ಲಿನ ‘ಪಿಟಿ’ ಹಳೆಯ 72.27ರದು, ಈಗಿನ ಪಾಯಿಂಟಿಗೆ ಅಲ್ಲಿ ‘ಬಿಪಿ’ ಎಂದು ಹೆಸರು. 650 ಪಿಟಿ ಎತ್ತರದ ಚೌಕಟ್ಟಿನಲ್ಲಿ ವ್ಯತ್ಯಾಸ 0.9 ಮಿಲಿಮೀಟರಿಗಿಂತ ಕಡಿಮೆ. ಅಂಚುಗಳನ್ನು ಮಿಲಿಮೀಟರಿನಲ್ಲೇ ಬರೆದರೆ ಆ ಚಿಂತೆಯೂ ಇಲ್ಲ.

ನಿಮ್ಮ ಕೆಲಸಕ್ಕೆ ಯಾವುದು

ಬರೀ ಅಚ್ಚಿನ ಕೆಲಸವಾದರೆ ಪಾಯಿಂಟೂ ಮಿಲಿಮೀಟರೂ ಸಾಕು. ಹಣ ಹಾಕುವ ಸ್ಥಿತಿಯಿದ್ದರೆ ಇನ್‌ಡಿಸೈನ್, ಆದರೆ ಅದರಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತುಗಳು ಬಿಡಿಬಿಡಿಯಾಗುತ್ತವೆ. ಖರ್ಚಿಲ್ಲದೆ ಆಗಬೇಕಾದರೆ ಪುಸ್ತಕಕ್ಕೆ ಸ್ಕ್ರೈಬಸ್ 1.6, ಕಾರ್ಡಿಗೆ ಇಂಕ್‌ಸ್ಕೇಪ್. ಫ್ಲೆಕ್ಸ್ ಅಂಗಡಿಗೆ ಕೋರೆಲ್‌ಡ್ರಾ ಫೈಲು ಕೊಡುವಾಗ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಗೆರೆಚಿತ್ರಕ್ಕೆ, ಬದಲಿಸಿ ಕೊಡಿ, ಅಲ್ಲಿ ನಿಮ್ಮ ಫಾಂಟ್ ಇರುತ್ತದೆಂಬ ಭರವಸೆ ಬೇಡ.

ಶ್ರೀರಂಗಪಟ್ಟಣದ ಹೋಂಸ್ಟೇಗೋ ಮೈಸೂರಿನ ಹೋಟೆಲಿಗೋ ವೆಬ್‌ಸೈಟ್ ಮಾತ್ರ ಬೇಕಿದ್ದರೆ ಅಕ್ಷರಕ್ಕೆ ರೆಮ್, ಒಳಅಂಚಿಗೆ ಎಮ್, ಗೆರೆಗೆ ಪಿಕ್ಸೆಲ್. ಆಂಡ್ರಾಯ್ಡ್ ಆ್ಯಪ್ ಆದರೆ ಅಕ್ಷರಕ್ಕೆ ಎಸ್‌ಪಿ, ಉಳಿದದ್ದಕ್ಕೆ ಡಿಪಿ. ಎಸ್‌ಪಿ ಮಾತ್ರ ಫೋನಿನ ಅಕ್ಷರ ಗಾತ್ರದ ಸೆಟ್ಟಿಂಗನ್ನು ಕೇಳುತ್ತದೆ.

ಎರಡೂ ಬೇಕಾದವರಿಗೆ, ಅಂದರೆ ಕಬ್ಬು ಬೆಳೆಗಾರರ ಸಂಘದ ಸುತ್ತೋಲೆ ವೆಬ್‌ನಲ್ಲೂ ಬರಬೇಕು, ಅದೇ ಎ4 ಹಾಳೆಯಲ್ಲಿ ಪ್ರಿಂಟೂ ಆಗಬೇಕು ಎನ್ನುವವರಿಗೆ, ನಮ್ಮ ಸಲಹೆ ರೆಮ್. ಪುಟವನ್ನೆಲ್ಲ ರೆಮ್ಮಿನಲ್ಲಿ ಬರೆಯಿರಿ. ಮುದ್ರಣದ ಸ್ಟೈಲಿನಲ್ಲಿ ಬೇರಿನ ಗಾತ್ರವನ್ನು 10.5 ಪಾಯಿಂಟ್ ಎಂದೂ ಪುಟದ ಅಂಚನ್ನು 18 ಮಿಲಿಮೀಟರ್ ಎಂದೂ ಕೊಡಿ. 1.125 ರೆಮ್ ಅಕ್ಷರ ತಾನಾಗಿ 11.8 ಪಾಯಿಂಟ್ ಆಗುತ್ತದೆ, ತಲೆಬರಹಗಳೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಒಂದೊಂದನ್ನೂ ಗುಣಿಸುತ್ತ ಕೂರಬೇಕಿಲ್ಲ.

ಯಾವುದನ್ನು ಆರಿಸಿದರೂ ಅಚ್ಚಿಗೆ ಕೊಡುವ ಮುನ್ನ ಪುಟದ ಮೂಲೆಯಲ್ಲಿ 100 ಮಿಲಿಮೀಟರಿನ ಒಂದು ಗೆರೆ ಎಳೆದು, ಅದರ ಮೇಲೆ ‘ಸ್ವಾತಂತ್ರ್ಯ’, ಕೆಳಸಾಲಿನಲ್ಲಿ ‘ಕೀರ್ತಿ’ ಬರೆದು ಒಂದು ಪ್ರತಿ ತೆಗೆಯಿರಿ. ಪ್ರಿಂಟ್ ಕಿಟಕಿಯಲ್ಲಿ ‘ಆಕ್ಚುಯಲ್ ಸೈಜ್’ ಇರಲಿ, ‘ಫಿಟ್’ ಅಲ್ಲ. ಸ್ಕೇಲಿನಲ್ಲಿ ಗೆರೆ 97 ಬಂದರೆ ಎಲ್ಲೋ 97 ಶೇಕಡಾಕ್ಕೆ ಕುಗ್ಗಿದೆ. 75 ಬಂದರೆ 72–96ರ ಗಡಿಯಲ್ಲಿ ತಪ್ಪಿದೆ. 100 ಬಂದು ಒತ್ತೂ ಗುಡಿಸೂ ತಾಗದಿದ್ದರೆ ಆ ಗೆರೆಯನ್ನೂ ಎರಡು ಪದಗಳನ್ನೂ ಅಳಿಸಿ ಫೈಲು ಕಳಿಸಿ.